ಸಪ್ಪೆ ಚಹಾ, ಬೆಲ್ಲದ ಚಹಾ, ಗುಳಿಗೆಯ ಚಹಾ

ಮಧುಮೇಹವಿರುವವರು ಸಕ್ಕರೆಯ ಬದಲಿಗೆ ಏನನ್ನು ಬಳಸಬೇಕು ಎಂಬ ಪ್ರಶ್ನೆ ಎಲ್ಲ ಊರುಗಳಲ್ಲಿಯೂ ಒಂದೇ ಬಗೆಯಲ್ಲಿ ಏಳುವುದಿಲ್ಲ. ಭದ್ರಾ ಜಲಾಶಯದ ನಾಲೆಯ ನೀರಿನಲ್ಲಿ ಭತ್ತದ ಜೊತೆಗೆ ಕಬ್ಬನ್ನೂ ಬೆಳೆದ ಸೀಮೆಯ ನಡುವೆ ಭದ್ರಾವತಿ ಇದೆ. 1937ರಲ್ಲಿ ಆರಂಭವಾದ ಮೈಸೂರು ಕಾಗದ ಕಾರ್ಖಾನೆ ಅಲ್ಲಿ ಕಾಗದದ ಜೊತೆಗೆ ಸಕ್ಕರೆಯನ್ನೂ ತಯಾರಿಸುತ್ತಿತ್ತು, ಅರೆದುಳಿದ ಕಬ್ಬಿನ ಸಿಪ್ಪೆ ಅದೇ ಆವರಣದಲ್ಲಿ ಕಾಗದವಾಗುತ್ತಿತ್ತು. ಶಿವಮೊಗ್ಗದ ಹೊರವಲಯದ ಮಲವಗೊಪ್ಪದ ಬಳಿ ತುಂಗಭದ್ರಾ ಸಕ್ಕರೆ ಕಾರ್ಖಾನೆಯೂ ಇತ್ತು. ಎರಡರ ಯಂತ್ರಗಳೂ ಈಗ ನಿಂತಿವೆ, ಆಲೆಮನೆಗಳ ಹೊಗೆ ಮಾತ್ರ ನಿಂತಿಲ್ಲ. ಹೀಗೆ ಸಿಹಿಯನ್ನು ಕೈಯಾರೆ ತಯಾರಿಸಿ ಬಲ್ಲ ಜನರಿಗೆ ಸಕ್ಕರೆ ಕಾಯಿಲೆ ಬಂದಾಗ, ಔಷಧಿ ಅಂಗಡಿಯಲ್ಲಿ ಪುಟ್ಟ ಡಬ್ಬಿಯೊಳಗೆ ದೊರೆಯುವ ಸಿಹಿ ಗುಳಿಗೆಗಿಂತ ಮೊದಲು ನೆನಪಾಗುವುದು ಬೆಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ನಡೆದು 2023ರಲ್ಲಿ ಪ್ರಕಟವಾದ ಸಮೀಕ್ಷೆ ದೇಶದಲ್ಲಿ 10.1 ಕೋಟಿ ಮಂದಿಗೆ ಮಧುಮೇಹವಿದೆಯೆಂದೂ ಇನ್ನೂ 13.6 ಕೋಟಿ ಮಂದಿ ಅದರ ಹೊಸ್ತಿಲಲ್ಲಿದ್ದಾರೆಂದೂ ಅಂದಾಜು ಮಾಡಿತು. ಈ ಎರಡು ಊರುಗಳ ಹೋಟೆಲುಗಳಲ್ಲಿ ಚಹಾ ಕೇಳುವಾಗ ‘ಸಕ್ಕರೆ ಬೇಡ’ ಎಂಬ ಮಾತು ಈಗ ಯಾರ ಗಮನವನ್ನೂ ಸೆಳೆಯುವುದಿಲ್ಲ.

ಮುಂದಿನ ಸಂವಾದದ ಇಬ್ಬರಿಗೂ ಹೆಸರಿಲ್ಲ. ಒಬ್ಬನು ಹಿರಿಯ, ಭದ್ರಾವತಿಯಲ್ಲಿ ದುಡಿದು ನಿವೃತ್ತನಾದವನು, ಕಬ್ಬಿನ ಗದ್ದೆಯ ಮನೆತನದವನು, ಬಹುಕಾಲದ ಮಧುಮೇಹಿ, ಪ್ರಯೋಗಾಲಯದಿಂದ ಬಂದ ಸಿಹಿಯನ್ನು ಸುಲಭವಾಗಿ ನಂಬದವನು. ಇನ್ನೊಬ್ಬಳು ತರುಣಿ, ಶಿವಮೊಗ್ಗದಲ್ಲಿ ರೋಗಿಗಳಿಗೆ ಊಟದ ಲೆಕ್ಕ ಹೇಳುವ ಆಹಾರತಜ್ಞೆ. ಮಾತನ್ನು ಆರಂಭಿಸಿದವನು ಹಿರಿಯ, ಅದೂ ದೂರಿನ ಧಾಟಿಯಲ್ಲಿ.

ಹಿರಿಯ: ವೈದ್ಯರು ಬಿಡಬೇಕೆಂದದ್ದು ಸಕ್ಕರೆಯನ್ನು. ಗಾಣದಲ್ಲಿ ಅರೆದ ಕಬ್ಬು, ಕೊಪ್ಪರಿಗೆಯಲ್ಲಿ ಕುದಿದ ಕಬ್ಬಿನ ಹಾಲು, ಅಚ್ಚಿಗೆ ಸುರಿದ ಪಾಕ, ಇಷ್ಟೂ ಕಣ್ಣೆದುರಿಗೇ ನಡೆಯುತ್ತದೆ. ಮುಚ್ಚುಮರೆಯಿಲ್ಲದ ಬೆಲ್ಲವನ್ನು ಬಿಟ್ಟು, ಹೆಸರನ್ನು ಓದಲೂ ನಾಲಿಗೆ ತೊಡರುವ ಗುಳಿಗೆಯನ್ನು ಚಹಾಕ್ಕೆ ಹಾಕಿಕೊಳ್ಳಬೇಕೆಂಬುದು ಎಲ್ಲಿಯ ನ್ಯಾಯ?

ತರುಣಿ: ಕಣ್ಣೆದುರಿಗೆ ನಡೆದರೂ ಕೊಪ್ಪರಿಗೆಯಲ್ಲಿ ಉಳಿಯುವುದು ಸುಕ್ರೋಸ್ ಎಂಬ ಸಕ್ಕರೆಯೇ, ಬೆಲ್ಲದ ನೂರು ಭಾಗದಲ್ಲಿ ಸಾಮಾನ್ಯವಾಗಿ 65ರಿಂದ 85 ಭಾಗ ಅದೇ ಇರುತ್ತದೆ, ಉಳಿದುದರಲ್ಲಿ ಒಂದಷ್ಟು ಗ್ಲೂಕೋಸ್ ಮತ್ತು ಫ್ರಕ್ಟೋಸ್, ಒಂದಷ್ಟು ತೇವ, ಸ್ವಲ್ಪ ಖನಿಜ. ಸುಕ್ರೋಸ್ ಕರುಳಿಗೆ ಇಳಿದೊಡನೆ ಗ್ಲೂಕೋಸ್ ಮತ್ತು ಫ್ರಕ್ಟೋಸ್ ಎಂದು ಎರಡಾಗಿ ಒಡೆಯುತ್ತದೆ, ಗ್ಲೂಕೋಸ್ ನೇರವಾಗಿ ರಕ್ತಕ್ಕೆ ಸೇರುತ್ತದೆ. ಅದು ಕಾರ್ಖಾನೆಯ ಹರಳಿನಿಂದ ಬಂದಿತೋ ಆಲೆಮನೆಯ ಅಚ್ಚಿನಿಂದ ಬಂದಿತೋ ಎಂದು ಕರುಳು ವಿಚಾರಿಸುವುದಿಲ್ಲ. ಆಹಾರವೊಂದು ರಕ್ತದ ಗ್ಲೂಕೋಸನ್ನು ಎಷ್ಟು ಬೇಗ, ಎಷ್ಟು ಎತ್ತರಕ್ಕೆ ಏರಿಸುತ್ತದೆ ಎಂಬುದರ ಅಳತೆಗೆ ಗ್ಲೈಸೆಮಿಕ್ ಸೂಚ್ಯಂಕವೆಂದು ಹೆಸರು. ಆ ಅಳತೆಯಲ್ಲಿ ಬೆಲ್ಲಕ್ಕೆ ಸಕ್ಕರೆಗಿಂತ ಯಾವ ರಿಯಾಯಿತಿಯೂ ಇಲ್ಲ.

ಹಿರಿಯ: ಕಬ್ಬಿಣದ ಅಂಶ ಇರುವುದಿಲ್ಲವೇ?

ತರುಣಿ: ಇರುತ್ತದೆ, ಆದರೆ ಒಂದು ಚಮಚ ಬೆಲ್ಲದಲ್ಲಿ ಇರುವಷ್ಟನ್ನು ಒಂದು ಹಿಡಿ ಸೊಪ್ಪು ಗ್ಲೂಕೋಸಿನ ದಂಡ ತೆರಿಸದೆ ಕೊಡುತ್ತದೆ. ಇನ್ನು ಮುಚ್ಚುಮರೆಯ ಮಾತು. ಬೆಂಡೆಯ ಲೋಳೆ ಹಾಕಿ ಕಲ್ಮಶ ತೆಗೆಯುವ ಆಲೆಮನೆಯೂ ಇದೆ, ಬಣ್ಣ ತಿಳಿಯಾಗಲೆಂದು ಹೈಡ್ರೋಸ್ ಎಂಬ ಗಂಧಕಯುಕ್ತ ಪುಡಿಯನ್ನು ಹಾಕುವ ಆಲೆಮನೆಯೂ ಇದೆ. ಪೇಟೆಯಲ್ಲಿ ಹೊಂಬಣ್ಣದ ಬೆಲ್ಲಕ್ಕೆ ಹೆಚ್ಚು ಬೆಲೆ ಕೊಡುವವರೇ ಆ ಪುಡಿಯನ್ನು ಪರೋಕ್ಷವಾಗಿ ಕೊಳ್ಳುತ್ತಿರುತ್ತಾರೆ.

ಹಿರಿಯ: ಅದು ಕೊಳ್ಳುವವರ ಅಜ್ಞಾನ, ಬೆಲ್ಲದ ದೋಷವಲ್ಲ. ಕಪ್ಪಗಿರುವ ಅಚ್ಚನ್ನೋ ಮಲೆನಾಡಿನ ಜೋನಿ ಬೆಲ್ಲವನ್ನೋ ಆರಿಸಲು ಬಲ್ಲವರಿಗೆ ಈ ಭಯವಿಲ್ಲ.

ತರುಣಿ: ಹೈಡ್ರೋಸಿನ ಭಯವಿಲ್ಲ, ಗ್ಲೂಕೋಸಿನ ಭಯ ಇದ್ದೇ ಇದೆ. ಜೇನಿಗೂ, ಖರ್ಜೂರದ ಪಾಕಕ್ಕೂ, ತೆಂಗಿನ ಸಕ್ಕರೆಗೂ, ಕಂದು ಸಕ್ಕರೆಗೂ ಇದೇ ಉತ್ತರ. ಅವು ಸಕ್ಕರೆಯ ಬೇರೆ ಬೇರೆ ರೂಪಗಳು, ಸಕ್ಕರೆಗೆ ಬದಲಿಗಳಲ್ಲ.

ಹಿರಿಯ ಈ ಅಂಶವನ್ನು ಬಾಯಿಬಿಟ್ಟು ಒಪ್ಪಲಿಲ್ಲ, ಮತ್ತೆ ಅದರ ಮೇಲೆ ವಾದ ಹೂಡಲೂ ಇಲ್ಲ. ಬೆಲ್ಲದ ಪರವಾಗಿ ಈ ಸೀಮೆಯಲ್ಲಿ ಕೇಳಿಬರುವ ಮಾತುಗಳಲ್ಲಿ ರುಚಿಯ ವಾದ ಗಟ್ಟಿಯಾದದ್ದು, ಸಂಕ್ರಾಂತಿಯ ಎಳ್ಳು-ಬೆಲ್ಲದಲ್ಲಿಯೂ ಯುಗಾದಿಯ ಬೇವು-ಬೆಲ್ಲದಲ್ಲಿಯೂ ಅದಕ್ಕಿರುವ ಸ್ಥಾನದ ವಾದವೂ ಗಟ್ಟಿಯಾದದ್ದು, ಆರೋಗ್ಯದ ವಾದ ಮಾತ್ರ ಮಧುಮೇಹದ ಮುಂದೆ ನಿಲ್ಲಲಾರದು. ಆದರೆ ಬೆಲ್ಲ ಸೋತಿತೆಂಬ ಕಾರಣಕ್ಕೆ ಗುಳಿಗೆ ಗೆದ್ದಂತಾಗುವುದಿಲ್ಲವೆಂದು ಬಲ್ಲ ಹಿರಿಯ ತನ್ನ ನೆಲೆಯನ್ನು ಅಲ್ಲಿಗೆ ಬದಲಿಸಿದ.

ಹಿರಿಯ: ಹಾಗಾದರೆ ಎಲ್ಲವನ್ನೂ ಬಿಟ್ಟು ಸಪ್ಪೆ ಚಹಾ ಕುಡಿಯುವುದೇ ನೇರವಾದ ದಾರಿ. ನಾಲಿಗೆಯನ್ನು ಪಳಗಿಸಬೇಕೇ ಹೊರತು ಅದಕ್ಕೆ ಮಂಕುಬೂದಿ ಎರಚಬಾರದು. ಗುಳಿಗೆ ಹಾಕಿದ ಚಹಾ ಕುಡಿಯುವವನ ನಾಲಿಗೆ ಹಿಂದಿನಷ್ಟೇ ಸಿಹಿಯನ್ನು ಕೇಳುತ್ತಲೇ ಇರುತ್ತದೆ, ಆ ನಾಲಿಗೆ ಮದುವೆಮನೆಯಲ್ಲಿ ಹೋಳಿಗೆ ಕಂಡಾಗ ಗುಳಿಗೆಯನ್ನು ಹುಡುಕುವುದಿಲ್ಲ.

ತರುಣಿ: ಪಳಗಿಸುವ ಮಾತಿಗೆ ಆಧಾರವಿದೆ, ಆದರೆ ಅರ್ಧಕ್ಕೆ ಮಾತ್ರ. ಅಮೆರಿಕದಲ್ಲಿ ನಡೆದು 2016ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ ಕೆಲವು ತಿಂಗಳು ಸಕ್ಕರೆಯನ್ನು ಕಡಿಮೆ ಮಾಡಿದವರಿಗೆ ಅದೇ ಪಾಯಸ ಮೊದಲಿಗಿಂತ ಹೆಚ್ಚು ಸಿಹಿಯೆನಿಸಿತು, ಆದರೆ ಅವರು ಇಷ್ಟಪಡುವ ಸಿಹಿಯ ಮಟ್ಟ ಇಳಿಯಲಿಲ್ಲ. ನಾಲಿಗೆ ಚುರುಕಾಯಿತು, ಆಸೆ ಹಾಗೆಯೇ ಉಳಿಯಿತು.

ಹಿರಿಯ: ಕೆಲವು ತಿಂಗಳ ಲೆಕ್ಕ ಅದು. ವರ್ಷಗಟ್ಟಲೆ ಸಪ್ಪೆ ಕುಡಿದವರು ಸಿಹಿ ಚಹಾ ಬಾಯಿಗೆ ಬಿದ್ದರೆ ಮುಖ ಕಿವುಚುವುದನ್ನು ಯಾವ ಹೋಟೆಲಿನಲ್ಲಿಯೂ ನೋಡಬಹುದು.

ತರುಣಿ: ಬಿಡಲು ಸಾಧ್ಯವಾದವರು ಮಾತ್ರ ಹಾಗೆ ಕಣ್ಣಿಗೆ ಬೀಳುತ್ತಾರೆ. ಬಿಡಲಾಗದೆ ಒಂದು ವಾರ ಸಪ್ಪೆ, ಮೂರು ವಾರ ಸಿಹಿ ಎಂದು ತೂಗಾಡುವವರ ಲೆಕ್ಕವನ್ನು ಯಾರು ಇಡುತ್ತಾರೆ? ಒಂದು ಚಮಚ ಸಕ್ಕರೆಯೆಂದರೆ ಸುಮಾರು 5 ಗ್ರಾಂ, ಗ್ರಾಮಿಗೆ 4 ಕ್ಯಾಲೊರಿ. ಪಾಳಿಯ ಕೆಲಸದಲ್ಲಿ ದಿನಕ್ಕೆ ಆರು ಲೋಟ ಚಹಾ, ಲೋಟಕ್ಕೆ ಎರಡು ಚಮಚ ಎಂದಿಟ್ಟುಕೊಂಡರೆ 60 ಗ್ರಾಂ ಸಕ್ಕರೆ, 240 ಕ್ಯಾಲೊರಿ. ಅದೂ ಆರು ಸಲ, ಬಹುಪಾಲು ಊಟವಿಲ್ಲದ ಹೊತ್ತಿನಲ್ಲಿ, ನಾರಾಗಲಿ ಪ್ರೋಟೀನಾಗಲಿ ತಡೆಯದ ದ್ರವರೂಪದಲ್ಲಿ. ಅಂಥವರು ಆರನ್ನು ಎರಡಕ್ಕೆ ಇಳಿಸಿದರೆ ಉತ್ತಮ, ಸಪ್ಪೆಗೆ ಒಗ್ಗಿದರೆ ಇನ್ನೂ ಉತ್ತಮ, ಎರಡೂ ಆಗದಿದ್ದರೆ ಆ 60 ಗ್ರಾಮನ್ನು ತಪ್ಪಿಸುವ ಗುಳಿಗೆ ಕೆಟ್ಟದ್ದೆಂದು ಹೇಳುವುದು ಕಷ್ಟ.

ಹಿರಿಯ: ಗುಳಿಗೆಯ ಜಾತಕವನ್ನೂ ಒಮ್ಮೆ ಓದಬೇಡವೇ? ಸೈಕ್ಲಮೇಟ್ ಎಂಬುದನ್ನು ಅಮೆರಿಕ 1969ರಲ್ಲಿ ನಿಷೇಧಿಸಿತು. ಸ್ಯಾಕರಿನ್ ಇಲಿಗಳ ಮೂತ್ರಕೋಶದಲ್ಲಿ ಕ್ಯಾನ್ಸರ್ ತರಿಸಿತೆಂದು 1977ರಲ್ಲಿ ಅಲ್ಲಿಯೇ ಅದನ್ನೂ ನಿಷೇಧಿಸಲು ಹೊರಟರು, ಜನರ ಗದ್ದಲಕ್ಕೆ ಮಣಿದು ಎಚ್ಚರಿಕೆಯ ಚೀಟಿ ಅಂಟಿಸಿ ಮಾರಲು ಬಿಟ್ಟರು, 2000ದಲ್ಲಿ ಅದನ್ನು ಕ್ಯಾನ್ಸರ್‌ಕಾರಕಗಳ ಪಟ್ಟಿಯಿಂದಲೇ ತೆಗೆದುಹಾಕಿದರು. ಆಸ್ಪರ್ಟೇಮ್ ಸರದಿ 2023ರಲ್ಲಿ ಬಂದಿತು. ಹೀಗೆ ಮಾತು ಬದಲಿಸುತ್ತ ಹೋಗುವ ಶಾಸ್ತ್ರದ ಮೇಲೆ ಭಾರ ಹಾಕುವುದು ಹೇಗೆ?

ತರುಣಿ: ಮಾತು ಬದಲಿಸಿದ್ದಕ್ಕೆ ಪ್ರತಿ ಸಲವೂ ಕಾರಣವಿತ್ತು. ಸ್ಯಾಕರಿನ್ ಹೆಚ್ಚು ಪ್ರಮಾಣದಲ್ಲಿ ಇಲಿಗಳ ಮೂತ್ರದಲ್ಲಿ ಹರಳುಗಟ್ಟಿ ಮೂತ್ರಕೋಶವನ್ನು ಕೆರಳಿಸುವ ಕ್ರಿಯೆ ಇಲಿಗೆ ವಿಶಿಷ್ಟವಾದದ್ದು, ಮನುಷ್ಯರಲ್ಲಿ ಅದು ನಡೆಯುವುದಿಲ್ಲವೆಂದು ತಿಳಿದ ಮೇಲೆ ಪಟ್ಟಿಯಿಂದ ತೆಗೆದರು. ಆಸ್ಪರ್ಟೇಮಿನ ವಿಷಯದಲ್ಲಿ 2023ರ ಜುಲೈಯಲ್ಲಿ ಎರಡು ಸಂಸ್ಥೆಗಳು ಒಟ್ಟಿಗೆ ಮಾತನಾಡಿದವು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ ಅದನ್ನು ‘ಕ್ಯಾನ್ಸರ್‌ಕಾರಕವಾಗಿರುವ ಸಾಧ್ಯತೆಯುಳ್ಳದ್ದು’ ಎಂಬ 2ಬಿ ಗುಂಪಿಗೆ ಸೇರಿಸಿತು. ಲೋಳೆಸರದ ಇಡೀ ಎಲೆಯ ಸಾರವೂ ಅದೇ ಗುಂಪಿನಲ್ಲಿದೆ. ಆ ಗುಂಪುಗಳು ಸಾಕ್ಷ್ಯ ಎಷ್ಟು ಬಲವಾಗಿದೆ ಎಂದು ಹೇಳುತ್ತವೆಯೇ ಹೊರತು ಅಪಾಯ ಎಷ್ಟು ದೊಡ್ಡದು ಎಂದಲ್ಲ. ಪ್ರಮಾಣದ ಲೆಕ್ಕ ಹಾಕುವ ಇನ್ನೊಂದು ಸಮಿತಿ ಹಳೆಯ ಮಿತಿಯನ್ನೇ ಉಳಿಸಿಕೊಂಡಿತು: ದೇಹದ ತೂಕದ ಪ್ರತಿ ಕಿಲೋಗೆ ದಿನಕ್ಕೆ 40 ಮಿಲಿಗ್ರಾಂ. ಜೀವನವಿಡೀ ದಿನವೂ ಸೇವಿಸಿದರೂ ತೊಂದರೆಯಾಗದೆಂದು ಭಾವಿಸಲಾದ ಇಂಥ ಪ್ರಮಾಣಕ್ಕೆ ಸ್ವೀಕಾರಾರ್ಹ ದೈನಿಕ ಮಿತಿ ಎಂದು ಹೆಸರು. 60 ಕಿಲೋ ತೂಕದವರಿಗೆ ಅದು 2,400 ಮಿಲಿಗ್ರಾಂ ಆಗುತ್ತದೆ. ಚಹಾದ ಗುಳಿಗೆಯಲ್ಲಿ ಇರುವುದು ಹತ್ತಾರು ಮಿಲಿಗ್ರಾಂ ಮಾತ್ರ.

ಹಿರಿಯ: ಹಾಗಾದರೆ ಯಾವ ಗುಳಿಗೆ? ಡಬ್ಬಿಗಳೆಲ್ಲ ಒಂದೇ ತರಹ ಕಾಣುತ್ತವೆ, ಎಲ್ಲದರ ಮೇಲೂ ಹಸಿರು ಎಲೆಯ ಚಿತ್ರ.

ತರುಣಿ: ಎಲೆಯ ಚಿತ್ರವನ್ನು ಬಿಟ್ಟು ಡಬ್ಬಿಯ ಹಿಂಬದಿಯನ್ನು ಓದಬೇಕು. 1879ರಲ್ಲಿ ಸಿಕ್ಕಿದ ಸ್ಯಾಕರಿನ್ ಇವುಗಳಲ್ಲೆಲ್ಲ ಹಳೆಯದು, ಸಕ್ಕರೆಗಿಂತ ಮುನ್ನೂರು ಪಟ್ಟಿಗೂ ಮಿಗಿಲು ಸಿಹಿ, ಕೊನೆಯಲ್ಲಿ ಲೋಹದಂಥ ಕಹಿ ಉಳಿಸುತ್ತದೆ, ಗರ್ಭಿಣಿಯರು ಬಿಡುವುದು ಒಳ್ಳೆಯದು. ಆಸ್ಪರ್ಟೇಮ್ ಎರಡು ಅಮೈನೋ ಆಮ್ಲಗಳ ಜೋಡಣೆ. ಫೀನೈಲ್‌ಕೀಟೋನೂರಿಯಾ ಎಂಬ ಅಪರೂಪದ ಹುಟ್ಟುರೋಗವಿರುವವರಿಗೆ ಅದು ನಿಷಿದ್ಧ, ಕುದಿಸಿದರೆ ಒಡೆದು ಸಿಹಿ ಕಳೆದುಕೊಳ್ಳುತ್ತದೆ. ಈ ಕಡೆಯ ಹೋಟೆಲುಗಳಲ್ಲಿ ಹಾಲು, ಪುಡಿ, ಸಕ್ಕರೆ ಎಲ್ಲವನ್ನೂ ಒಂದೇ ಪಾತ್ರೆಯಲ್ಲಿ ಕುದಿಸುವ ಪದ್ಧತಿಯಿರುವುದರಿಂದ ಆಸ್ಪರ್ಟೇಮನ್ನು ಲೋಟಕ್ಕೆ ಇಳಿಸಿದ ಮೇಲೆಯೇ ಹಾಕಬೇಕು. ಸುಕ್ರಲೋಸ್ 1976ರಲ್ಲಿ ಲಂಡನ್ನಿನ ಕಾಲೇಜೊಂದರಲ್ಲಿ ಶಶಿಕಾಂತ ಫಡ್ನಿಸ್ ಎಂಬ ಭಾರತೀಯ ಸಂಶೋಧಕರ ಕೈಗೆ ಸಿಕ್ಕಿತು. ಸುಕ್ರೋಸಿನ ಅಣುವಿನಲ್ಲಿ ಮೂರು ಕಡೆ ಕ್ಲೋರಿನ್ ಕೂರಿಸಿದಾಗ ಅದು ಆರುನೂರು ಪಟ್ಟು ಸಿಹಿಯಾಗುತ್ತದೆ, ಬಹುಪಾಲು ದೇಹದಲ್ಲಿ ಕರಗದೆ ಹೊರಹೋಗುತ್ತದೆ. ಕುದಿಯುವ ಚಹಾವನ್ನು ಅದು ತಡೆಯುತ್ತದೆ; ಆದರೆ 120 ಡಿಗ್ರಿಗಿಂತ ಹೆಚ್ಚಿನ ಶಾಖದಲ್ಲಿ ಬೇಡದ ಕ್ಲೋರಿನ್ ಸಂಯುಕ್ತಗಳು ಹುಟ್ಟಬಹುದೆಂದು ಜರ್ಮನಿಯ ಸರಕಾರಿ ಸಂಸ್ಥೆಯೊಂದು 2019ರಲ್ಲಿ ಎಚ್ಚರಿಸಿರುವುದರಿಂದ ಅದನ್ನು ಹಾಕಿ ಕರಿಯುವುದು, ಬೇಯಿಸುವುದು ಬೇಡ.

ಹಿರಿಯ: ಸ್ಟೀವಿಯಾ? ಅದಾದರೂ ಗಿಡ.

ತರುಣಿ: ಪರಾಗ್ವೆ ದೇಶದ ಗಿಡ. ಅದರ ಎಲೆಯಿಂದ ಶುದ್ಧೀಕರಿಸಿ ತೆಗೆದ ಸ್ಟೀವಿಯಾಲ್ ಗ್ಲೈಕೋಸೈಡ್‌ಗಳೆಂಬ ಸಿಹಿ ಅಂಶಗಳಿಗೆ ಭಾರತದಲ್ಲಿ 2015ರಲ್ಲಿ ಅನುಮತಿ ದೊರೆಯಿತು. ರಕ್ತದ ಗ್ಲೂಕೋಸನ್ನು ಅವು ಏರಿಸುವುದಿಲ್ಲ, ಶಾಖವನ್ನೂ ತಡೆಯುತ್ತವೆ, ಅತಿಮಧುರದ ಬೇರಿನಂಥ ಒಂದು ಒಗರು ಮಾತ್ರ ಉಳಿಯುತ್ತದೆ. ಹಿಂಬದಿ ಓದಬೇಕೆಂದದ್ದು ಮುಖ್ಯವಾಗಿ ಇದಕ್ಕಾಗಿಯೇ: ಮುನ್ನೂರು ಪಟ್ಟು ಸಿಹಿಯಾದ ವಸ್ತುವನ್ನು ಚಮಚದಲ್ಲಿ ಅಳೆಯಲಾಗದು, ಆದ್ದರಿಂದ ಪುಡಿಯ ಪೊಟ್ಟಣವನ್ನು ತುಂಬಿಸಲು ಬೇರೆ ವಸ್ತು ಬೇಕಾಗುತ್ತದೆ. ಕೆಲವರು ಡೆಕ್ಸ್‌ಟ್ರೋಸನ್ನೋ ಮಾಲ್ಟೋಡೆಕ್ಸ್‌ಟ್ರಿನ್ನನ್ನೋ ಹಾಕುತ್ತಾರೆ, ಅವೆರಡೂ ಗ್ಲೂಕೋಸೇ. ಒಂದು ಪೊಟ್ಟಣಕ್ಕೆ ಅದು ಅಲ್ಪ, ದಿನಕ್ಕೆ ಹತ್ತು ಪೊಟ್ಟಣವಾದರೆ ಲೆಕ್ಕಕ್ಕೆ ಬರುತ್ತದೆ. ಕೆಲವರು ಎರಿಥ್ರಿಟಾಲ್ ಹಾಕುತ್ತಾರೆ.

ಹಿರಿಯ: ರಕ್ತ ಹೆಪ್ಪುಗಟ್ಟಿಸುತ್ತದೆಂದು ಪತ್ರಿಕೆಗಳಲ್ಲಿ ಬಂದದ್ದು ಅದೇ ಅಲ್ಲವೇ?

ತರುಣಿ: ಅದೇ. ಸಿಹಿಯಿದ್ದು ಪೂರ್ತಿಯಾಗಿ ಜೀರ್ಣವಾಗದ ಪಾಲಿಯಾಲ್ ಎಂಬ ಗುಂಪಿಗೆ ಸೇರಿದ ವಸ್ತು ಅದು; ಸಾರ್ಬಿಟಾಲ್, ಮಾಲ್ಟಿಟಾಲ್, ಕ್ಸೈಲಿಟಾಲ್ ಅದರ ದಾಯಾದಿಗಳು. ಅಮೆರಿಕದ ಕ್ಲೀವ್‌ಲೆಂಡ್ ಕ್ಲಿನಿಕ್‌ನ ಸಂಶೋಧಕರು 2023ರಲ್ಲಿ, ರಕ್ತದಲ್ಲಿ ಎರಿಥ್ರಿಟಾಲ್ ಹೆಚ್ಚಿದ್ದವರಲ್ಲಿ ಹೃದಯಾಘಾತ ಮತ್ತು ಪಾರ್ಶ್ವವಾಯು ಹೆಚ್ಚು ಕಂಡುಬಂದಿತೆಂದೂ ಅದು ಕಿರುಬಿಲ್ಲೆಗಳೆಂಬ ರಕ್ತಕಣಗಳು ಒಟ್ಟುಗೂಡುವುದನ್ನು ಚುರುಕುಗೊಳಿಸುತ್ತದೆಂದೂ ವರದಿ ಮಾಡಿದರು. ದೇಹ ತಾನೇ ಎರಿಥ್ರಿಟಾಲನ್ನು ಸ್ವಲ್ಪ ತಯಾರಿಸುವುದರಿಂದ, ರೋಗ ಹೆಚ್ಚಿದವರಲ್ಲಿ ಅದು ಹೆಚ್ಚಿತೋ ಅದು ಹೆಚ್ಚಿದ್ದರಿಂದ ರೋಗ ಹೆಚ್ಚಿತೋ ಎಂಬುದು ಇನ್ನೂ ಇತ್ಯರ್ಥವಾಗಿಲ್ಲ. ಆದರೂ ಹೃದಯದ ತೊಂದರೆಯಿರುವ ಮಧುಮೇಹಿಗಳು ಅದು ತುಂಬಿದ ಪುಡಿಗಿಂತ ಸ್ಟೀವಿಯಾದ ಹನಿಗಳನ್ನೋ ಸಣ್ಣ ಗುಳಿಗೆಯನ್ನೋ ಆರಿಸುವುದು ವಿವೇಕ.

ಈ ಕೊನೆಯ ವಾಕ್ಯದಲ್ಲಿ ತರುಣಿಯ ಧಾಟಿ ಮೊದಲಿನಷ್ಟು ನಿಶ್ಚಿತವಾಗಿರಲಿಲ್ಲ, ಅದನ್ನು ಹಿರಿಯ ಗಮನಿಸದೆ ಬಿಡಲಿಲ್ಲ. ವಾದದಲ್ಲಿ ಎದುರಾಳಿ ಪ್ರಾಮಾಣಿಕವಾಗಿ ಬಿಟ್ಟುಕೊಟ್ಟ ಜಾಗದಲ್ಲಿಯೇ ಮುಂದಿನ ಪೆಟ್ಟು ಹಾಕುವುದು ನ್ಯಾಯವೋ ಅಲ್ಲವೋ, ಲೋಕದಲ್ಲಿ ಅದು ರೂಢಿ.

ಹಿರಿಯ: ವಿಶ್ವ ಆರೋಗ್ಯ ಸಂಸ್ಥೆಯೇ ಇಂಥ ಸಿಹಿಕಾರಕಗಳನ್ನು ಬಳಸಬೇಡಿರೆಂದು 2023ರ ಮೇ ತಿಂಗಳಲ್ಲಿ ಹೇಳಿತಲ್ಲ?

ತರುಣಿ: ತೂಕ ಇಳಿಸಲು ಬಳಸಬೇಡಿರೆಂದು ಹೇಳಿತು; ದೀರ್ಘಕಾಲದಲ್ಲಿ ಅವುಗಳಿಂದ ದೇಹದ ಕೊಬ್ಬು ಇಳಿಯುವುದು ಕಾಣುವುದಿಲ್ಲ ಎಂಬುದು ಅದರ ಕಾರಣ. ಈಗಾಗಲೇ ಮಧುಮೇಹವಿರುವವರನ್ನು ಆ ಸಲಹೆಯಿಂದ ಸ್ಪಷ್ಟವಾಗಿ ಹೊರಗಿಟ್ಟಿತು. ಸುದ್ದಿಯಲ್ಲಿ ತಲೆಬರಹ ಮಾತ್ರ ಉಳಿಯಿತು, ಆ ವಿನಾಯಿತಿ ಉಳಿಯಲಿಲ್ಲ.

ಹಿರಿಯ: ಹೊರಗಿಟ್ಟದ್ದೆಂದರೆ ಮಧುಮೇಹಿಗಳಿಗೆ ಒಳ್ಳೆಯದೆಂದು ಹೇಳಿದಂತಾಯಿತೇ?

ತರುಣಿ: ಇಲ್ಲ. ಅವರ ವಿಷಯವನ್ನು ಆ ಸಲಹೆ ಪರಿಶೀಲಿಸಿಲ್ಲ ಎಂದಷ್ಟೇ ಅರ್ಥ.

ಹಿರಿಯ: ಹಾಗಾದರೆ ಮಧುಮೇಹಿಗಳನ್ನೇ ಕೂರಿಸಿಕೊಂಡು ನೋಡಿದ ಪ್ರಯೋಗ, ಅದೂ ಚಹಾ ಕಾಫಿ ಕುಡಿಯುವ ದೇಶದವರ ಮೇಲೆ ನಡೆದದ್ದು, ಯಾವುದಾದರೂ ಇದೆಯೇ?

ತರುಣಿ: ಇದೆ. ಚೆನ್ನೈನ ಮದ್ರಾಸ್ ಡಯಾಬಿಟಿಸ್ ರಿಸರ್ಚ್ ಫೌಂಡೇಶನ್ 179 ಮಂದಿ ಮಧುಮೇಹಿಗಳ ಮೇಲೆ 12 ವಾರ ನಡೆಸಿದ ಪ್ರಯೋಗ 2024ರಲ್ಲಿ ಪ್ರಕಟವಾಯಿತು. ಒಂದು ಗುಂಪಿನವರು ಕಾಫಿ ಚಹಾಗಳಲ್ಲಿನ ಸಕ್ಕರೆಯ ಬದಲು ಸುಕ್ರಲೋಸ್ ಬಳಸಿದರು, ಇನ್ನೊಂದು ಗುಂಪಿನವರು ಸಕ್ಕರೆಯನ್ನೇ ಮುಂದುವರಿಸಿದರು. ತೂಕವೂ ಸೊಂಟದ ಸುತ್ತಳತೆಯೂ ಮೊದಲ ಗುಂಪಿನಲ್ಲಿ ಸ್ವಲ್ಪ ಇಳಿದವು.

ಹಿರಿಯ: ಸಕ್ಕರೆಯ ಮಟ್ಟ?

ತರುಣಿ: ಹಿಂದಿನ ಎರಡು ಮೂರು ತಿಂಗಳ ಸರಾಸರಿಯನ್ನು ತೋರಿಸುವ ಎಚ್‌ಬಿಎ1ಸಿ ಎಂಬ ಪರೀಕ್ಷೆಯಲ್ಲಿ ಎರಡು ಗುಂಪುಗಳ ನಡುವೆ ಗಣನೀಯ ವ್ಯತ್ಯಾಸ ಕಾಣಲಿಲ್ಲ.

ಹಿರಿಯ: ಅಲ್ಲಿಗೆ ಮುಗಿಯಿತು. ಇಷ್ಟೆಲ್ಲ ಗುಳಿಗೆ ನುಂಗಿ ಸಿಕ್ಕಿದ್ದು ಸೊಂಟದಲ್ಲಿ ಬೆರಳಗಲದ ಉಳಿತಾಯ.

ತರುಣಿ: ಮುಗಿಯಲಿಲ್ಲ. ಚಹಾದ ಸಕ್ಕರೆ ಒಂದು ಭಾಗ, ತಟ್ಟೆಯ ಅನ್ನ ಹಲವು ಭಾಗ ಎಂಬುದನ್ನು ಆ ಫಲಿತಾಂಶ ನೆನಪಿಸುತ್ತದೆ. ಒಂದು ಸಾಧಾರಣ ಬಟ್ಟಲು ಅನ್ನದಲ್ಲಿ ಸುಮಾರು 45 ಗ್ರಾಂ ಪಿಷ್ಟವಿರುತ್ತದೆ, ಅದೂ ಕರುಳಿನಲ್ಲಿ ಗ್ಲೂಕೋಸೇ ಆಗುತ್ತದೆ. ಬೆಳಿಗ್ಗೆ ಅಕ್ಕಿರೊಟ್ಟಿ, ಮಧ್ಯಾಹ್ನ ಅನ್ನ, ಸಂಜೆ ಮಂಡಕ್ಕಿ, ರಾತ್ರಿ ಮತ್ತೆ ಅನ್ನ ಎಂಬ ಊಟದ ಕ್ರಮವನ್ನು ಮುಟ್ಟದೆ ಚಹಾಕ್ಕೆ ಮಾತ್ರ ಗುಳಿಗೆ ಹಾಕಿದವರಿಗೆ ಪವಾಡ ನಡೆಯುವುದಿಲ್ಲ. ಗುಳಿಗೆ ಹಾಕಿದ್ದೇನೆಂಬ ಸಮಾಧಾನದಲ್ಲಿ ಎರಡು ಕಡುಬು ಹೆಚ್ಚು ತಿಂದವರಿಗೆ ನಷ್ಟವೇ ಆಗುತ್ತದೆ.

ಹಿರಿಯ: ಅಂದರೆ ಸಪ್ಪೆ ಚಹಾದ ಪಕ್ಷಕ್ಕೇ ಬಂದಂತಾಯಿತು.

ತರುಣಿ: ಬರಲು ಅಡ್ಡಿಯಿಲ್ಲ, ಅಲ್ಲಿಗೆ ಎಲ್ಲರೂ ನಡೆದು ಬರಲಾರರು ಎಂಬುದಷ್ಟೇ ಭೇದ.

ಇಲ್ಲಿಂದ ಮಾತು ಮಿಠಾಯಿ ಅಂಗಡಿಯ ಕಡೆಗೆ ಹೊರಳಿತು. ‘ಶುಗರ್ ಫ್ರೀ’ ಎಂಬ ಚೀಟಿ ಹೊತ್ತ ಬರ್ಫಿಗಳ ಬಗ್ಗೆ ಇಬ್ಬರಿಗೂ ಹೆಚ್ಚಿನ ಭಿನ್ನಾಭಿಪ್ರಾಯವಿರಲಿಲ್ಲ. ಭಾರತದ ಆಹಾರ ನಿಯಮದ ಪ್ರಕಾರ ನೂರು ಗ್ರಾಮಿನಲ್ಲಿ ಅರ್ಧ ಗ್ರಾಮಿಗಿಂತ ಹೆಚ್ಚು ಸಕ್ಕರೆಗಳಿಲ್ಲದ ಪದಾರ್ಥಕ್ಕೆ ಮಾತ್ರ ಆ ಹೆಸರು ಸಲ್ಲುತ್ತದೆ, ‘ಸಕ್ಕರೆ ಸೇರಿಸಿಲ್ಲ’ ಎಂಬುದು ಬೇರೆಯೇ ಹೇಳಿಕೆ. ಖರ್ಜೂರದಿಂದ ಸಿಹಿಯಾದ ಉಂಡೆ ಎರಡನೆಯ ಹೆಸರಿನಲ್ಲಿ ನಿರಾಳವಾಗಿ ಮಾರಾಟವಾಗುತ್ತದೆ. ಸಕ್ಕರೆಯ ಜಾಗದಲ್ಲಿ ಮಾಲ್ಟಿಟಾಲ್ ಬಂದರೂ ಅದು ಗ್ಲೂಕೋಸನ್ನು ಒಂದಿಷ್ಟು ಏರಿಸುತ್ತದೆ, ಹೆಚ್ಚಾದರೆ ಹೊಟ್ಟೆ ಕೆಡಿಸುತ್ತದೆ, ಖೋವಾ ತುಪ್ಪಗಳ ಕೊಬ್ಬು ಇದ್ದಂತೆಯೇ ಇರುತ್ತದೆ. ಪಾಕ, ಗಟ್ಟಿತನ, ಹೊಳಪು ಇವೆಲ್ಲ ಸಕ್ಕರೆಯ ಪರಿಮಾಣದಿಂದ ಬರುವ ಗುಣಗಳಾದ್ದರಿಂದ ಮೈಸೂರುಪಾಕಿನಂಥ ತಿನಿಸಿಗೆ ಗುಳಿಗೆಯಿಂದ ಬದಲಿ ಕಂಡುಹಿಡಿಯುವ ಪ್ರಯತ್ನವೇ ವ್ಯರ್ಥ. ಹಬ್ಬದ ದಿನ ಅಸಲಿಯನ್ನೇ ಬೆರಳಗಲ ತಿಂದು ಊಟದಲ್ಲಿ ಅನ್ನ ಕಡಿಮೆ ಮಾಡುವುದು ಮೇಲು ಎಂದು ತರುಣಿಯೇ ಹೇಳಿದಾಗ ಹಿರಿಯನಿಗೆ ಆಶ್ಚರ್ಯವಾಯಿತು. ಅನಂತರ ಅವನು ಬಹಳ ಹೊತ್ತಿನಿಂದ ತಡೆದಿಟ್ಟುಕೊಂಡಿದ್ದ ಗಿಡವೊಂದರ ಹೆಸರನ್ನು ಮುಂದಿಟ್ಟ.

ಹಿರಿಯ: ಪರಾಗ್ವೆಯ ಎಲೆಯನ್ನು ಹೊಗಳಿದ್ದಾಯಿತು. ಪಶ್ಚಿಮಘಟ್ಟದ ಮಧುನಾಶಿನಿಯ ಎಲೆ ಏನು ಪಾಪ ಮಾಡಿತ್ತು? ಅದನ್ನು ಅಗಿದು ಸಕ್ಕರೆ ತಿಂದರೆ ಮರಳು ತಿಂದಂತಿರುತ್ತದೆ. ಸಿಹಿಯ ಆಸೆಯನ್ನೇ ಕೊಲ್ಲುವ ಎಲೆ ಇರುವಾಗ ಆಸೆಗೆ ಮೇವು ಹಾಕುವ ಗುಳಿಗೆಯೇಕೆ?

ತರುಣಿ: ಆ ಎಲೆಯ ಜಿಮ್ನೆಮಿಕ್ ಆಮ್ಲಗಳು ನಾಲಿಗೆಯಲ್ಲಿ ಸಿಹಿಯನ್ನು ಗುರುತಿಸುವ ಗ್ರಾಹಕಗಳನ್ನು ಸ್ವಲ್ಪ ಹೊತ್ತು ಮುಚ್ಚಿಬಿಡುತ್ತವೆ, ಅದು ನಿಜ. ನಾಲಿಗೆಗೆ ತಿಳಿಯದೆ ಒಳಗೆ ಹೋದ ಸಕ್ಕರೆ ರಕ್ತಕ್ಕೆ ತಿಳಿಯದೆ ಹೋಗುವುದಿಲ್ಲ. ರಕ್ತದ ಗ್ಲೂಕೋಸನ್ನೇ ಅದು ಇಳಿಸುತ್ತದೆಂಬ ಅಧ್ಯಯನಗಳೂ ಇವೆ, ಆದರೆ ಸಣ್ಣವು. ಒಂದು ವೇಳೆ ನಿಜವಾಗಿಯೂ ಇಳಿಸುವುದಾದರೆ, ವೈದ್ಯರಿಗೆ ಹೇಳದೆ ಮಾತ್ರೆಯ ಜೊತೆಗೆ ಅದನ್ನೂ ಸೇರಿಸಿದವರಿಗೆ ಗ್ಲೂಕೋಸ್ ಹಠಾತ್ತನೆ ಕುಸಿಯುವ ಅಪಾಯವಿದೆ.

ಹಿರಿಯ: ಕುಸಿದರೆ ಜೇಬಿನಲ್ಲಿ ಬೆಲ್ಲದ ಚೂರು ಇದ್ದೇ ಇರುತ್ತದೆ. ಬೆವರಿ ಕೈಕಾಲು ನಡುಗುವ ಹೊತ್ತಿಗೆ ನಿಮ್ಮ ಗುಳಿಗೆಯ ಡಬ್ಬಿ ಏನು ಮಾಡೀತು?

ತರುಣಿ: ಏನನ್ನೂ ಮಾಡದು. ಇನ್ಸುಲಿನ್ ಅಥವಾ ಗ್ಲಿಮೆಪಿರೈಡಿನಂಥ ಮಾತ್ರೆ ತೆಗೆದುಕೊಳ್ಳುವವರ ಮನೆಯಿಂದ ಸಕ್ಕರೆಯನ್ನು ಪೂರ್ತಿ ಹೊರಹಾಕಬಾರದೆನ್ನುವುದು ಇದಕ್ಕೇ. ರಕ್ತದ ಗ್ಲೂಕೋಸ್ ಡೆಸಿಲೀಟರಿಗೆ 70 ಮಿಲಿಗ್ರಾಮಿಗಿಂತ ಕೆಳಗಿಳಿದರೆ 15 ಗ್ರಾಂ ಗ್ಲೂಕೋಸ್ ಅಥವಾ ಸಕ್ಕರೆ, 15 ನಿಮಿಷ ಕಾದು ಮತ್ತೆ ಪರೀಕ್ಷೆ, ಏರದಿದ್ದರೆ ಮತ್ತೆ ಅಷ್ಟೇ. ಆದರೆ ಬೆಲ್ಲದ ಚೂರಿಗೂ ಒಂದು ತೊಡಕಿದೆ. ಊಟದೊಡನೆ ವೋಗ್ಲಿಬೋಸ್ ಅಥವಾ ಅಕಾರ್ಬೋಸ್ ಎಂಬ ಮಾತ್ರೆ ತೆಗೆದುಕೊಳ್ಳುವವರು ಈ ಕಡೆ ಕಡಿಮೆಯಿಲ್ಲ. ಸುಕ್ರೋಸ್ ಒಡೆಯುವುದನ್ನು ಕರುಳಿನಲ್ಲಿ ನಿಧಾನಗೊಳಿಸುವುದೇ ಆ ಮಾತ್ರೆಗಳ ಕೆಲಸ. ಆದ್ದರಿಂದ ಅವರಿಗೆ ಕುಸಿತದ ಹೊತ್ತಿನಲ್ಲಿ ಸಕ್ಕರೆಯೂ ಬೆಲ್ಲವೂ ತಡವಾಗಿ ಕೆಲಸ ಮಾಡುತ್ತವೆ, ಬೇಕಾದದ್ದು ಶುದ್ಧ ಗ್ಲೂಕೋಸ್ ಪುಡಿ. ಜೇಬಿನಲ್ಲಿ ಏನಿರಬೇಕೆಂಬುದನ್ನು ಮಾತ್ರೆಯ ಚೀಟಿ ನೋಡಿ ತೀರ್ಮಾನಿಸಬೇಕು.

ಹಿರಿಯ ತನ್ನ ಚೀಟಿಯಲ್ಲಿ ಏನಿದೆಯೆಂದು ಹೇಳಲಿಲ್ಲ. ಸಂವಾದದ ಉದ್ದಕ್ಕೂ ಆಡಿದ ಮಾತುಗಳಲ್ಲಿ ಪ್ರಾಯೋಗಿಕವಾಗಿ ಅತ್ಯಂತ ಬೆಲೆಬಾಳುವುದು ಕುಸಿತದ ಹೊತ್ತಿನ ಕುರಿತು ತರುಣಿ ಹೇಳಿದ ಈ ಮಾತೇ ಎನ್ನಬಹುದು. ಸಿಹಿಕಾರಕಗಳ ಚರ್ಚೆಯಲ್ಲಿ ಎಲ್ಲರ ಗಮನವೂ ಹೆಚ್ಚುವ ಗ್ಲೂಕೋಸಿನ ಮೇಲೆಯೇ ನೆಟ್ಟಿರುವುದರಿಂದ, ಕುಸಿಯುವ ಗ್ಲೂಕೋಸಿನ ಮಾತು ಯಾವ ಡಬ್ಬಿಯ ಮೇಲೂ ಇರುವುದಿಲ್ಲ.

ಹಿರಿಯ: ಇಷ್ಟೆಲ್ಲ ಕೇಳಿದ ಮೇಲೂ ಒಂದು ಉಳಿಯುತ್ತದೆ. ಅರ್ಧ ಚಮಚ ಬೆಲ್ಲ, ದಿನಕ್ಕೆ ಎರಡೇ ಲೋಟ, ಅದೂ ತಿಂಡಿಯ ಜೊತೆಗೆ. ಇದರಿಂದ ಏನು ಕೆಡುತ್ತದೆ?

ತರುಣಿ: ಬಹುಶಃ ಹೆಚ್ಚೇನೂ ಇಲ್ಲ. ಅರ್ಧ ಚಮಚ ಅರ್ಧವಾಗಿಯೇ ಉಳಿದರೆ. ಊಹೆಗಿಂತ ಅಳತೆ ಮೇಲಲ್ಲವೇ? ಒಂದೇ ತಿಂಡಿ, ಒಂದು ಬೆಳಿಗ್ಗೆ ಬೆಲ್ಲದ ಚಹಾ, ಇನ್ನೊಂದು ಬೆಳಿಗ್ಗೆ ಸಪ್ಪೆ ಚಹಾ. ತಿನ್ನುವ ಮೊದಲು, ಒಂದು ಗಂಟೆಯ ಮೇಲೆ, ಎರಡು ಗಂಟೆಯ ಮೇಲೆ ಬೆರಳು ಚುಚ್ಚಿ ನೋಡಿದರೆ ನಿಮ್ಮ ದೇಹವೇ ಉತ್ತರ ಹೇಳುತ್ತದೆ.

ಹಿರಿಯ: ಬೆರಳಿನ ರಕ್ತದಲ್ಲಿ ಗ್ಲೂಕೋಸ್ ಅಳೆಯುವ ಆ ಯಂತ್ರದ ಮಾತನ್ನು ಎಷ್ಟು ನಂಬಬೇಕು? ನೂರರಿಂದ ಮೇಲಿನ ಮಟ್ಟಗಳಲ್ಲಿ ಶೇಕಡ 15ರಷ್ಟು ಆಚೀಚೆಯಾದರೂ ಅಂತರರಾಷ್ಟ್ರೀಯ ಮಾನದಂಡ ಅದನ್ನು ಸರಿಯೆಂದೇ ಒಪ್ಪುತ್ತದಂತೆ. ನಿಜವಾದ ಮಟ್ಟ 180 ಇದ್ದರೆ ಅದು 153 ಎಂದರೂ ಸರಿ, 207 ಎಂದರೂ ಸರಿ. ಅರ್ಧ ಚಮಚ ಬೆಲ್ಲದ ವ್ಯತ್ಯಾಸ ಆ ಸಂದಿಯಲ್ಲಿಯೇ ಅಡಗಿಹೋಗುತ್ತದೆ.

ತರುಣಿ: ಆಕ್ಷೇಪಣೆ ಸರಿಯಾಗಿದೆ. ಆದ್ದರಿಂದಲೇ ಒಂದೊಂದು ಬಗೆಯನ್ನೂ ಹಲವು ಬೆಳಿಗ್ಗೆ ನೋಡಬೇಕಾಗುತ್ತದೆ, ಆಗ ಆಚೀಚೆಗಳು ಒಂದನ್ನೊಂದು ಸರಿದೂಗಿಸುತ್ತವೆ.

ಹಿರಿಯ: ಆ ಯಂತ್ರದ ಪರೀಕ್ಷಾ ಪಟ್ಟಿಯೊಂದಕ್ಕೆ ಎಷ್ಟು ಬೆಲೆಯೆಂದು ಗೊತ್ತಿದ್ದೂ ಹೇಳುವ ಮಾತೇ ಇದು? ಆಗಲಿ, ಸಪ್ಪೆ ಚಹಾಕ್ಕೂ ಬೆಲ್ಲದ ಚಹಾಕ್ಕೂ ಸ್ಪರ್ಧೆ ಇಟ್ಟ ಮೇಲೆ ಗುಳಿಗೆಯ ಚಹಾವನ್ನೂ ಸಾಲಿನಲ್ಲಿ ನಿಲ್ಲಿಸಬೇಕು. ಅದಕ್ಕೆ ಮಾತ್ರ ಪರೀಕ್ಷೆಯಿಂದ ವಿನಾಯಿತಿ ಏಕೆ?

ತರುಣಿ: ವಿನಾಯಿತಿ ಬೇಡ, ಮೂರನ್ನೂ ನಿಲ್ಲಿಸೋಣ. ತಿಂಡಿ ಮಾತ್ರ ಎಲ್ಲ ದಿನವೂ ಒಂದೇ ಆಗಿರಬೇಕು. ಅಕ್ಕಿರೊಟ್ಟಿಯಾದರೆ ಒಂದೇ ತೂಕದ ಒಂದು ರೊಟ್ಟಿ, ತೂಗಿ ನೋಡಿದ್ದು.

ಹಿರಿಯ: ಬೆಲ್ಲವನ್ನು ಅಳೆಯುವುದು ಈ ಕೈಯಿಂದ ಆದೀತು. ರೊಟ್ಟಿ ತಟ್ಟುವವರಿಗೆ ತಕ್ಕಡಿ ಹಿಡಿಯಿರೆಂದು ಹೇಳುವ ಕೆಲಸವನ್ನು ನೀವೇ ಬಂದು ಮಾಡಬೇಕು.